ಮೂರು ಮೋಡಗಳು ಮತ್ತು ಕಟೋಂಗೊನ ಸಿಟ್ಟು

ನಮ್ಮ ಮುಸಾಸಾ ಬಸ್ ಕಂಪನಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಅಗ್ರಿಪ್ಪಾ ಕಟೋಂಗೊನಿಗೆ ಸಿಟ್ಟು ಬಂದರೆ ಲುಸಾಕಾ ಕಚೇರಿಯ ಕಿಟಕಿ ಗಾಜು ಅದುರುತ್ತದೆ. ವಿಭಾಗದ ಮುಖ್ಯಸ್ಥನೂ ಅವನೇ, ವಿಭಾಗವೂ ಅವನೇ. ಅಂಥ ಸಿಟ್ಟನ್ನು ವಾರಗಟ್ಟಲೆ ಯಾರೂ ನಂಬಲಿಲ್ಲ ಎಂದರೆ ನೀವು ನನ್ನನ್ನು ನಂಬಲಿಕ್ಕಿಲ್ಲ. ಆದರೆ ಮುಂಬಾಗಿಲಿನ ಮೇಜಿನಲ್ಲಿ ಟೆಲಿಫೋನು ಇಟ್ಟುಕೊಂಡು ಕೂರುವ ಶ್ರೀಮತಿ ಮುಲೇಯಾ ಎಂಬ ನಾನು ಎಲ್ಲವನ್ನೂ ಕಣ್ಣಾರೆ ಕಂಡವಳು. ಈಗ ನೆನೆದರೂ ಮೈ ಉರಿಯುತ್ತದೆ. ಆದ್ದರಿಂದ ಉರಿಯುತ್ತಲೇ ಹೇಳುತ್ತೇನೆ.

ತಪ್ಪು ಹುಟ್ಟಿನದು. ಕಟೋಂಗೊ ಬೆಂಬಾ ಕುಲದವನು. ನಮ್ಮ ಜನರಲ್ ಮ್ಯಾನೇಜರ್ ಗಿಡಿಯನ್ ಜೆರೆ ಅಂಗೋನಿ ಕುಲದವರು. ಈ ಎರಡು ಕುಲದ ಅಜ್ಜಂದಿರು ಯಾವ ಕಾಲದಲ್ಲೋ ಈಟಿ ಹಿಡಿದು ಹೊಡೆದಾಡಿ, ಸುಸ್ತಾಗಿ, ಇನ್ನು ಮೇಲೆ ಬಾಯಲ್ಲೇ ಹೊಡೆದಾಡೋಣ ಎಂದು ಒಪ್ಪಿಕೊಂಡವರು. ಅಂದಿನಿಂದ ಇವರು ತಮಾಷೆಯ ನೆಂಟರು, ಭಾವ ಭಾವ ಎಂದೇ ಕರೆದುಕೊಳ್ಳುವವರು. ಬೆಂಬಾದವನು ಅಂಗೋನಿಯನ್ನು ಇಲಿ ತಿನ್ನುವವನೆಂದು ಜರೆಯಬಹುದು, ಅಂಗೋನಿ ಬೆಂಬಾದವನನ್ನು ಕೋತಿ ತಿನ್ನುವವನೆಂದು ಜರೆಯಬಹುದು. ಕಚೇರಿಯಲ್ಲಿ, ಇಗರ್ಜಿಯಲ್ಲಿ, ಹೆಣದ ಮುಂದೆ ಕೂಡ. ಬೈಸಿಕೊಂಡವನು ಮುಖ ಗಂಟಿಕ್ಕಿದರೆ ಅವನೇ ಸಣ್ಣವನು. ಬೈಗುಳ ಬಿಟ್ಟು ಮರ್ಯಾದೆಯಿಂದ ಮಾತಾಡಿದರೆ ಮಾತ್ರ ನೆಂಟಸ್ತಿಕೆ ಮುರಿದಂತೆ. ನಾನು ತೋಂಗಾ, ಬೇರೆಯೇ ಕುಲ. ಇವರಿಬ್ಬರ ನಡುವೆ ನನಗೆ ಯಾವ ನೆಂಟಸ್ತಿಕೆಯೂ ಇಲ್ಲ, ಅದಕ್ಕೇ ನನಗೆ ತಲೆ ನೆಟ್ಟಗಿದೆ.

ಇನ್ನು ಮೋಡದ ವಿಷಯ. ಕಂಪ್ಯೂಟರಿಗೆ ತೂತು ಬೀಳುತ್ತದೆ, ಆ ತೂತಿನಿಂದ ಕಳ್ಳರು ನುಗ್ಗುತ್ತಾರೆ, ಅದಕ್ಕೆ ತಂತ್ರಾಂಶ ಮಾಡಿದವರು ಆಗಾಗ ತೇಪೆ ಕಳಿಸುತ್ತಾರೆ. ಇಷ್ಟು ನನಗೂ ಗೊತ್ತು. ನಮ್ಮ ಟಿಕೆಟ್ ಕೌಂಟರುಗಳು ಲಿವಿಂಗ್‌ಸ್ಟನ್‌ನಿಂದ ಚಿಪಾಟಾವರೆಗೆ ಹರಡಿವೆ. ಕಟೋಂಗೊ ತೇಪೆಗಳನ್ನು ಜೇಬಿನಲ್ಲಿಟ್ಟುಕೊಂಡು, ನಮ್ಮದೇ ಬಸ್ಸು ಹತ್ತಿ, ಊರೂರು ತಿರುಗಿ ಒಂದೊಂದೇ ಯಂತ್ರಕ್ಕೆ ಹಚ್ಚಿ ಬರುತ್ತಿದ್ದ. ಅವನು ಚಿಪಾಟಾ ಮುಟ್ಟುವಷ್ಟರಲ್ಲಿ ಕಬ್ವೆಯಲ್ಲಿ ಹೊಸ ತೂತು ಬಿದ್ದಿರುತ್ತಿತ್ತು. ಮೋಡದಿಂದಲೇ, ಅಂದರೆ ಇಂಟರ್‌ನೆಟ್ಟಿನ ಆ ತುದಿಯಿಂದಲೇ, ಎಲ್ಲ ಯಂತ್ರಗಳನ್ನೂ ನೋಡಿಕೊಂಡು, ಎಲ್ಲಕ್ಕೂ ಒಟ್ಟಿಗೆ ತೇಪೆ ಹಾಕುವ ತಂತ್ರಾಂಶಗಳು ಬಂದಿವೆ, ಒಂದನ್ನು ಕೊಳ್ಳೋಣ ಎಂದು ಅವನು ಗೋಗರೆದು ಗೋಗರೆದು ಸುಸ್ತಾಗಿದ್ದ. ಕೊನೆಗೂ ಜೆರೆ ಒಪ್ಪಿದರು.

"ಮೂರು ತರಿಸು, ಹೋಲಿಸಿ ನೋಡು, ಒಂದನ್ನ ಹೇಳು," ಎಂದರು. "ಎಲ್ಲ ಸುಸೂತ್ರವಾಗಿ ನಡೆದ್ರೆ ನಿನ್ನ ಕರಾರು ಇನ್ನೂ ಮೂರು ವರ್ಷ. ಎಡವಟ್ಟಾದ್ರೆ ಫೆಬ್ರವರಿ ಕೊನೆಗೆ ಗಂಟುಮೂಟೆ ಕಟ್ಟು, ಭಾವ."

ಕರಾರು ಹೋದರೆ ಕಂಪನಿ ಕೊಟ್ಟ ಮನೆಯೂ ಹೋಗುತ್ತದೆ. ಆ ಮನೆಯ ಹಿತ್ತಲಲ್ಲಿ ಅವನ ಹೆಂಡತಿ ಬಾನಾ ಚೋಲಾ ಹಾಕಿದ ಮೆಕ್ಕೆಜೋಳ ಆಗಷ್ಟೇ ತೆನೆ ಬಿಡುತ್ತಿತ್ತು. ಮಕ್ಕಳ ಶಾಲೆ ಬೇಲಿಯಾಚೆಗೇ ಇತ್ತು. ಕಟೋಂಗೊ ಈ ಹೋಲಿಕೆಯನ್ನು ಎಷ್ಟು ಶ್ರದ್ಧೆಯಿಂದ ಮಾಡಿದ ಎಂದು ಬೇರೆ ಹೇಳಬೇಕಾಗಿಲ್ಲ.

ಮೂರು ಕಂಪನಿಯವರು ಬಂದರು. ಮೂವರ ಸರಕಿನ ಹೆಸರೂ ಮಾರುದ್ದ ಇಂಗ್ಲಿಷು, ಒಂದೂ ನಾಲಿಗೆಗೆ ಹತ್ತುತ್ತಿರಲಿಲ್ಲ. ಒಬ್ಬರು ಎಲ್ಲರಿಗೂ ಕೊಡೆ ಹಂಚಿದರು. ಒಬ್ಬರು ಮೂರು ಅಂತಸ್ತಿನ ಕೇಕ್ ತಂದರು. ಒಬ್ಬರು ಟೋಪಿ ಕೊಟ್ಟರು, ಅದೂ ತಲೆಗೆ ಬಿಗಿ. ಅಲ್ಲಿಂದ ಆ ತಂತ್ರಾಂಶಗಳಿಗೆ ಕಚೇರಿಯಲ್ಲಿ ಕೊಡೆ, ಕೇಕು, ಟೋಪಿ ಎಂದೇ ನಾಮಕರಣವಾಯಿತು. ಕಟೋಂಗೊ ಮೂಲೆಯಲ್ಲಿ ಮೂರು ಹಳೆಯ ಕಂಪ್ಯೂಟರು ಸಾಲಾಗಿಟ್ಟು, ಒಂದೊಂದಕ್ಕೆ ಒಂದೊಂದು ತುಂಬಿ, ಮುಂದೆ ಕುಳಿತು ದಿನಗಟ್ಟಲೆ ನೋಡಿದ. ಆಮೇಲೆ ಸಭೆಯಲ್ಲಿ ಎದ್ದು ನಿಂತ.

"ಕೊಡೆ ಕೇಳದೇ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುತ್ತೆ. ಟಿಕೆಟ್ ಅರ್ಧ ಅಚ್ಚಾಗಿದ್ರೂ ಅದಕ್ಕೆ ಕರುಣೆ ಇಲ್ಲ. ಕೇಕು ನೋಡೋಕೆ ಚೆಂದ, ಬಣ್ಣ ಬಣ್ಣದ ಚಿತ್ರ. ಆದ್ರೆ ಒಂದೊಂದು ಕಂಪ್ಯೂಟರೂ ಒಂದೇ ತೇಪೆನ ಬೇರೆ ಬೇರೆಯಾಗಿ ಮೋಡದಿಂದ ಎಳ್ಕೊಳ್ಳುತ್ತೆ, ನಮ್ಮ ಇಂಟರ್‌ನೆಟ್ ಎಲ್ಲ ಅದರ ಹೊಟ್ಟೆಗೇ. ಟೋಪಿ ಹಾಗಲ್ಲ. ಒಂದೂರಿಗೆ ಒಂದೇ ಸಲ ತರಿಸಿ ಅಲ್ಲಿ ಹಂಚುತ್ತೆ, ಕರೆಂಟ್ ಹೋದ್ರೆ ನಿಂತಲ್ಲಿಂದ ಮುಂದುವರಿಸುತ್ತೆ, ಆಫ್ ಮಾಡೋ ಮೊದಲು ಕೇಳುತ್ತೆ. ನಮಗೆ ಟೋಪಿ."

ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಿಯಾರು? ಆದರೆ ಸಭೆಯಲ್ಲಿ ಅರ್ಧ ಜನ ಮಳೆಗಾಲ ಮುಗಿದಿಲ್ಲ, ಕೊಡೆಯೇ ಒಳ್ಳೆಯದು ಎಂದರು. ಸಿಬ್ಬಂದಿ ಅಧಿಕಾರಿ ಶ್ರೀಮತಿ ನೈರೆಂಡಾ ಕೇಕಿನವರನ್ನು ಇನ್ನೊಂದು ಸಲ ಕರೆದು ಮಾತಾಡಿಸಬೇಕು ಎಂದಳು, ತುಟಿಯಲ್ಲಿ ಇನ್ನೂ ಕೆನೆ ಇತ್ತು. ಆಗ ಜೆರೆ ಕುರ್ಚಿಯಿಂದ ಎದ್ದು ಹೊಟ್ಟೆಯ ಮೇಲೆ ಕೈಯಿಟ್ಟರು. ಅವರು ಹಾಗೆ ಕೈಯಿಟ್ಟರೆ ಕಂಪನಿಗೆ ಏನೋ ಕೇಡು ಕಾದಿದೆ ಎಂದೇ ಅರ್ಥ.

"ಹೋಲಿಕೆ ಅಂದ್ರೆ ಮೂಲೇಲಿ ಕೂತು ನೋಡೋದಲ್ಲ. ಪಂದ್ಯ! ಮೂರನ್ನೂ ಎಲ್ಲ ಊರಿನ ಎಲ್ಲ ಕಂಪ್ಯೂಟರಿಗೂ ಹಾಕೋಣ. ಒಂದೇ ದಿನ, ಒಂದೇ ಮೈದಾನ. ಯಾವುದು ಜಾಸ್ತಿ ಕೆಲಸ ಮಾಡುತ್ತೋ ಅದು ಗೆದ್ದಂಗೆ. ರೆಫರಿ ನಾನು. ಆಟ ನಿಲ್ಲಿಸೋ ಗುಪ್ತಸಂಖ್ಯೆ ನನ್ನ ಫೋನಿಗೇ ಬರಲಿ, ಬೇರೆ ಯಾರಿಗೂ ಬೇಡ. ಇಂಚ್ವಾಲಾ ಹಬ್ಬದ ಹಿಂದಿನ ಶುಕ್ರವಾರ ಇಟ್ಕೊಳ್ಳಿ. ಅವತ್ತು ರಶ್ಶು, ಎಲ್ಲ ಡಿಪೋದಲ್ಲೂ ಜನರೇಟರ್ ಓಡ್ತಿರುತ್ತೆ, ಒಂದು ಕಂಪ್ಯೂಟರೂ ಮಲಗಿರಲ್ಲ."

ಇಂಚ್ವಾಲಾ ಎಂದರೆ ಚಿಪಾಟಾದ ಹತ್ತಿರ ಅಂಗೋನಿಗಳ ಹೊಸ ಫಸಲಿನ ಹಬ್ಬ. ಅವತ್ತು ದೇಶದ ಎಲ್ಲ ಅಂಗೋನಿಗಳೂ ಚರ್ಮ, ಗುರಾಣಿ, ಈಟಿ ಸಮೇತ ನಮ್ಮ ಬಸ್ಸಿಗೇ ಹತ್ತುವುದು. ಕಟೋಂಗೊನ ಮುಖಕ್ಕೆ ರಕ್ತ ನುಗ್ಗಿತು.

"ತಲೆ ಕೆಟ್ಟಿದೆಯಾ ನಿಮಗೆ?" ಎಂದು ಕೂಗಿದ. "ಒಂದು ಅಡುಗೆಮನೆಗೆ ಮೂರು ಅತ್ತೆಯರನ್ನ ಬಿಡ್ತೀರಾ? ಕೊಡೆ ಬಂದು ಕೇಕನ್ನ ಕಳ್ಳ ಅಂತ ಕಿತ್ತು ಬಿಸಾಕುತ್ತೆ, ಕಂಪ್ಯೂಟರ್ ಆಫ್ ಆಗುತ್ತೆ. ಆನ್ ಆದ ತಕ್ಷಣ ಕೇಕು ಮೋಡದಿಂದ ವಾಪಸ್ ಬಂದು ಕೊಡೆನ ಕೀಳುತ್ತೆ, ಮತ್ತೆ ಆಫ್. ಇಡೀ ದಿನ ಇದೇ! ಆ ಶುಕ್ರವಾರ ಒಬ್ಬನೇ ಒಬ್ಬ ಅಂಗೋನಿಯೂ ಚಿಪಾಟಾ ಮುಟ್ಟಲ್ಲ, ಬರೆದಿಟ್ಕೊಳ್ಳಿ!"

ಜೆರೆ ಮೇಜು ಗುದ್ದಿ ನಕ್ಕರು. ನಕ್ಕು ನಕ್ಕು ಕೆಮ್ಮಿ, ನೀರು ಕುಡಿದು, ಮತ್ತೆ ನಕ್ಕರು.

"ಒಬ್ಬನೇ ಒಬ್ಬ ಅಂಗೋನಿಯೂ! ಕೇಳಿದ್ರಾ? ಕೋತಿ ತಿನ್ನೋರಿಗೆ ನಮ್ಮ ಹಬ್ಬ ಕಂಡ್ರೆ ಹೊಟ್ಟೆಕಿಚ್ಚು!"

"ನಾನು ತಮಾಷೆ ಮಾಡ್ತಿಲ್ಲ!"

"ಅಯ್ಯೋ, ಆ ಮುಖ ನೋಡಿ! ಒಂಚೂರೂ ನಗದೇ ಹೇಳ್ತಾನಲ್ಲ, ಅದೇ ಕಲೆ!"

ಇಡೀ ಸಭೆ ಚಪ್ಪಾಳೆ ತಟ್ಟಿತು. ನನಗೆ ಆ ಚಪ್ಪಾಳೆ ತಟ್ಟಿದ ಕೈಗಳನ್ನೆಲ್ಲ ಬಾಗಿಲ ಸಂದಿಯಲ್ಲಿ ಸಿಕ್ಕಿಸಬೇಕೆನಿಸಿತು. ಬೇರೆ ದಿನಕ್ಕೆ ಪಂದ್ಯ ಇಟ್ಟಿದ್ದರೆ ಅವನ ಮಾತು ಎಚ್ಚರಿಕೆ ಅನ್ನಿಸುತ್ತಿತ್ತೋ ಏನೋ. ಇಂಚ್ವಾಲಾಕ್ಕೆ ಅಂಗೋನಿಗಳು ಹೋಗಲಾರರು ಎಂದು ಬೆಂಬಾದವನು ಕಿರುಚಿದರೆ ನಮ್ಮ ದೇಶದಲ್ಲಿ ಅದನ್ನು ಎಚ್ಚರಿಕೆ ಎಂದುಕೊಳ್ಳುವ ಮನುಷ್ಯ ಇನ್ನೂ ಹುಟ್ಟಿಲ್ಲ.

ಕಟೋಂಗೊ ಸಿಬ್ಬಂದಿ ಅಧಿಕಾರಿಯ ಕೋಣೆಗೆ ನುಗ್ಗಿದ. ಅಧಿಕೃತ ದೂರು ಬರೆದುಕೊಳ್ಳಿ ಎಂದ. ಶ್ರೀಮತಿ ನೈರೆಂಡಾ ಪೆನ್ನು ತೆಗೆದುಕೊಂಡಳು, ನಿಜ. ಅವನು ಹೇಳುತ್ತಾ ಹೇಳುತ್ತಾ ಅವಳ ಭುಜ ಕುಲುಕತೊಡಗಿತು.

"ಅಮ್ಮಾ, ನೀವು ಅಧಿಕಾರಿ. ನಗಬಾರದು."

"ನಾನೂ ಅಂಗೋನಿಗಳ ಪೂರ್ವ ಸೀಮೆಯವಳೇ ಅಲ್ವಾ ಭಾವ, ನನ್ನ ಮುಂದೆ ಬಂದು ಹೀಗೆಲ್ಲ ಹೇಳಿದ್ರೆ ಹೇಗೆ ತಡ್ಕೊಳ್ಳಲಿ? ತಾಳಿ, ಒಂದ್ನಿಮಿಷ," ಎಂದು ಬಾಗಿಲಿಗೆ ಬಂದು ಪಕ್ಕದ ಕೋಣೆಯವರನ್ನೆಲ್ಲ ಕೂಗಿದಳು. "ಬನ್ರೇ, ಬನ್ನಿ! ಕಟೋಂಗೊ ಭಾವ, ಆ ಚಿಪಾಟಾದ್ದು ಇನ್ನೊಂದ್ಸಲ ಹೇಳಿ. ಇದೇ ಸಿಟ್ಟಲ್ಲಿ!"

ಅವನು ಇನ್ನೊಂದು ಸಲ ಹೇಳಲಿಲ್ಲ. ಬಾಗಿಲು ಬಡಿದು ಹೊರಗೆ ಬಂದ. ಅದಕ್ಕೂ ಒಳಗಿನಿಂದ ಚಪ್ಪಾಳೆ ಬಿತ್ತು.

ಯಾವುದನ್ನೂ ತಾನು ಯಂತ್ರಕ್ಕೆ ಹಾಕುವುದಿಲ್ಲ ಎಂದು ಕಟೋಂಗೊ ಹಟ ಹಿಡಿದ. ಜೆರೆ ಅದನ್ನೂ ಮೆಚ್ಚಿಕೊಂಡರು, ಕೊಡೆ, ಕೇಕು, ಟೋಪಿಯವರನ್ನೇ ಕರೆಸಿ ಹಾಕಿಸಿದರು. ಆ ಸಂಜೆ ಕಂಪನಿಯ ಗಾಡಿ ಅವನ ಮನೆ ಮುಂದೆ ನಿಂತಿತು. ನಮ್ಮದು ಅವನ ಪಕ್ಕದ ಮನೆ, ನಾನು ಹಿತ್ತಲಲ್ಲಿ ಕಪೆಂಟಾ ಮೀನು ಒಣಹಾಕುತ್ತಿದ್ದೆ. ಡ್ರೈವರು ಒಂದು ದೊಡ್ಡ ಬಾಳೆಗೊನೆ ಇಳಿಸಿದ.

"ದೊಡ್ಡವರು ಕಳಿಸಿದ್ದಾರೆ. ಕೋತಿ ಸಿಕ್ಕದಿದ್ದ ದಿನ ಇದನ್ನ ತಿನ್ನಬೇಕಂತೆ."

ಕಟೋಂಗೊ ಬಾಳೆಗೊನೆಯನ್ನು ಕಾಲಲ್ಲಿ ಒದ್ದ. ಕಾಲಿಗೇ ಪೆಟ್ಟಾಯಿತು. ಕುಂಟುತ್ತಾ ಗಾಡಿಯ ಸುತ್ತ ಓಡಾಡಿ, ಜೆರೆಯ ವಂಶವನ್ನೆಲ್ಲ ಹಿಡಿದು ಬೈದ. ನೆರೆಹೊರೆಯವರು ಕುರ್ಚಿ ಹಾಕಿಕೊಂಡು ಕುಳಿತರು. ಯಾರೋ ಒಬ್ಬಳು ಮಗುವನ್ನು ಎತ್ತಿ ಹಿಡಿದು ತೋರಿಸಿದಳು. ಬಾನಾ ಚೋಲಾ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದಳು.

"ಕರಾರು ಗಟ್ಟಿ ಅಂತಾಯ್ತು," ಎಂದಳು ನನಗೆ. "ಕಿತ್ತು ಹಾಕೋ ಮನಸ್ಸಿದ್ದಿದ್ರೆ ಬಾಳೆಗೊನೆ ಕಳಿಸ್ತಿದ್ರಾ?"

"ನಿನ್ನ ಗಂಡ ನಿಜವಾಗ್ಲೂ ಕೋಪದಲ್ಲಿದ್ದಾನೆ ಕಣೇ."

"ಇರಲಿ ಬಿಡಿ. ಅವರು ಕೋಪ ಮಾಡ್ಕೊಂಡಷ್ಟೂ ದೊಡ್ಡವರಿಗೆ ಇಷ್ಟ."

ಕೊನೆಯ ದಾರಿಯೆಂದರೆ ಕಂಪನಿಯ ಅಧ್ಯಕ್ಷ ಕಸೋಂಡೆ. ಅವನೂ ಬೆಂಬಾ. ತಮ್ಮವನು, ತನ್ನ ಮಾತು ಅವನಿಗೆ ಅರ್ಥವಾಗುತ್ತದೆ ಎಂದು ಕಟೋಂಗೊ ನನ್ನನ್ನೂ ಸಾಕ್ಷಿಗೆ ಕರೆದುಕೊಂಡು ಹೋದ. ಮುದುಕ ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದ. ಕೊಡೆ ಏನು ಮಾಡುತ್ತದೆ, ಕೇಕು ಏನು ಮಾಡುತ್ತದೆ, ಸೀಟಿನ ಲೆಕ್ಕವೆಲ್ಲ ಯಂತ್ರದ ಒಳಗಿರುವುದರಿಂದ ಕೈಯಲ್ಲಿ ಟಿಕೆಟ್ ಬರೆದುಕೊಡಲೂ ಆಗುವುದಿಲ್ಲ, ಎಲ್ಲ. ಕಣ್ಣು ತೆರೆದಾಗ ಅದರಲ್ಲಿ ನೀರಿತ್ತು. ನನಗೆ ಸಮಾಧಾನವಾಯಿತು.

"ಮಗಾ," ಎಂದ ಮುದುಕ, "ಎಷ್ಟು ವರ್ಷ ಆಗಿತ್ತು ಯಾರಾದ್ರೂ ಅಂಗೋನಿಗಳಿಗೆ ಹೀಗೆ ಬಾರಿಸಿ! ಜೆರೆಗೆ ಇದು ಬೇಕಾಗಿತ್ತು. ಆದ್ರೆ ಕೊನೇಲಿ ಇಲಿ ಬರಬೇಕು. ಇಲಿ ಇಲ್ಲದೆ ಸಪ್ಪೆ."

ನಾನು ತಡೆಯಲಾರದೆ ಎದ್ದು ನಿಂತೆ. "ಅಧ್ಯಕ್ಷರೇ, ಇದು ತಮಾಷೆ ಅಲ್ಲ. ಬಸ್ಸು ನಿಲ್ಲುತ್ತೆ, ಇವನ ಕೆಲಸ ಹೋಗುತ್ತೆ."

"ನೀನು ತೋಂಗಾ ಅಲ್ವೇನಮ್ಮ? ಇದೆಲ್ಲ ನಿನಗೆ ತಿಳಿಯಲ್ಲ. ಹೋಗು, ದನ ಮೇಯಿಸು."

ತೋಂಗಾದವರನ್ನು ದನಗಾಹಿಗಳೆಂದು ಜರೆಯುವ ತಮಾಷೆಯ ನೆಂಟಸ್ತಿಕೆ ಆ ಮುದುಕನಿಗೂ ನನಗೂ ಇಲ್ಲ. ನಾನು ಇವತ್ತಿಗೂ ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ.

ಶುಕ್ರವಾರ ಬಂತು. ಜೆರೆ ಹಿಂದಿನ ದಿನವೇ ಚಿಪಾಟಾಕ್ಕೆ ಹೊರಟು ಹೋಗಿದ್ದರು. ಬೆಳಿಗ್ಗೆ ಲುಸಾಕಾ ಡಿಪೋ ತುಂಬ ಜನ. ಚಿರತೆ ಚರ್ಮ ಹೊದ್ದವರು, ಕಾಲಿಗೆ ಗೆಜ್ಜೆ ಕಟ್ಟಿದವರು, ಗುರಾಣಿಯನ್ನು ಬಸ್ಸಿನ ಯಾವ ಕಡೆಯಿಂದ ತೂರಿಸುವುದೆಂದು ಜಗಳವಾಡುವವರು. ಪಂದ್ಯ ಶುರುವಾಯಿತು. ಕೊಡೆ ಕೇಕನ್ನು ಹೊರಗೆ ತಳ್ಳಿತು. ಕೌಂಟರಿನ ಪರದೆಗಳೆಲ್ಲ ಕಪ್ಪಾದವು. ಬೆಳಗಿದವು. ಕೇಕು ಹಿಂತಿರುಗಿ ಕೊಡೆಯನ್ನು ಕಿತ್ತಿತು, ಟೋಪಿ ಯಾರನ್ನು ಕೇಳಬೇಕೆಂದು ತಿಳಿಯದೆ ಒಂದೇ ಸಮನೆ ಅಪ್ಪಣೆ ಕೇಳುತ್ತಾ ನಿಂತಿತು. ಮತ್ತೆ ಕಪ್ಪು. "ಕೆಲಸ ನಡೆಯುತ್ತಿದೆ, ದಯವಿಟ್ಟು ಆರಿಸಬೇಡಿ" ಎಂದು ಪರದೆ ಹೇಳಿತು. ಅದು ಅರ್ಧಕ್ಕೆ ಬಂದು, ತಾನೇ ಆರಿ, ಮತ್ತೆ ಅದನ್ನೇ ಹೇಳಿತು. ಕಬ್ವೆಯಿಂದ ಫೋನು, ಎಂಡೋಲಾದಿಂದ ಫೋನು, ಲಿವಿಂಗ್‌ಸ್ಟನ್‌ನಿಂದ ಬೈಗುಳ. ಎಲ್ಲ ನನ್ನ ಕಿವಿಗೇ.

ಒಂದೊಂದು ಸೀಟಿಗೆ ಇಬ್ಬಿಬ್ಬರು ಕುಳಿತಿದ್ದರು. ಯಾರ ಸೀಟು ಯಾರದೆಂದು ಹೇಳಬೇಕಾದ ಯಂತ್ರ ತನ್ನ ಜಗಳದಲ್ಲೇ ಮುಳುಗಿತ್ತು. ಗುರಾಣಿ ಹಿಡಿದ ಮುದುಕನೊಬ್ಬ ಕೌಂಟರಿಗೆ ಈಟಿಯ ಹಿಡಿಯಿಂದ ಕುಟ್ಟಿದ.

"ಯಾರಪ್ಪಾ ಇಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋನು?"

"ಕಟೋಂಗೊ ಅಂತ," ಎಂದಿತು ಯಾವುದೋ ದನಿ.

"ಬೆಂಬಾ! ಹಾಗನ್ನಿ ಮತ್ತೆ! ಇಂಚ್ವಾಲಾದ ದಿನ ಬೆಂಬಾದವನ ಕೈಗೆ ಬಾಗಿಲು ಕೊಟ್ರೆ ಇನ್ನೇನಾಗುತ್ತೆ?" ಎಂದು ಮುದುಕ ನಕ್ಕ. ಸಾಲೆಲ್ಲ ನಕ್ಕಿತು. ಬಿಸಿಲೇರಿದಂತೆ ನಗು ಕಡಿಮೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಈಟಿಯ ಮೊನೆಯೇ ಕೌಂಟರಿನ ಕಡೆ ತಿರುಗಿತ್ತು.

ಪಂದ್ಯ ನಿಲ್ಲಿಸಲು ಗುಪ್ತಸಂಖ್ಯೆ ಬೇಕಿತ್ತು. ಕಟೋಂಗೊ ಜೆರೆಗೆ ಫೋನು ಮಾಡಿ ಕಿರುಚಿದ.

"ಎಲ್ಲ ಬಿದ್ದು ಹೋಗಿದೆ! ಬಸ್ಸು ಹೊರಟಿಲ್ಲ! ಸಂಖ್ಯೆ ಕೊಡ್ರೀ!"

ಆ ಕಡೆ ಡೋಲು, ಹಾಡು. "ಹಬ್ಬದ ಶುಭಾಶಯ ಭಾವ! ಒಬ್ಬನೇ ಒಬ್ಬ ಅಂಗೋನಿಯೂ ಬಂದಿಲ್ಲ ಅಂತೀಯಾ? ತಾಳು, ನಮ್ಮ ಹಿರಿಯರಿಗೆ ಕೇಳಿಸ್ತೀನಿ, ಅದೇ ದನೀಲಿ ಹೇಳು!" ಹಿರಿಯರ ನಗು ನನ್ನ ಮೇಜಿನವರೆಗೂ ಕೇಳಿಸಿತು. ಇನ್ನೊಂದು ಸಲ ಮಾಡಿದ. ಈ ಸಲ ಹಿರಿಯರೇ ಒಟ್ಟಾಗಿ ಕೋತಿಯಂತೆ ಕಿಚಗುಟ್ಟಿ ಫೋನಿಟ್ಟರು. ಫೋನು ಕಿತ್ತುಕೊಂಡು ನಾನೇ ಮತ್ತೆ ಮಾಡಿದೆ.

"ಸರ್, ನಾನು ಮುಲೇಯಾ. ಅವನು ಹೇಳ್ತಿರೋದು ಸತ್ಯ."

"ಅಯ್ಯೋ ಮುಲೇಯಾ, ನಿನ್ನನ್ನೂ ಸೇರಿಸ್ಕೊಂಡ್ನಾ?" ಎಂದು ಜೆರೆ ಫೋನಿಟ್ಟರು. ಪಂದ್ಯದ ಅಂಕಗಳು ಅವರ ಫೋನಿಗೆ ಹೋಗುತ್ತಿದ್ದವು. ಒಂದನ್ನೊಂದು ಕಿತ್ತದ್ದೂ ಕೆಲಸವೆಂದೇ ಲೆಕ್ಕವಾಗಿ, ಕೊಡೆ ಕೇಕುಗಳೆರಡೂ ಭಾರೀ ಅಂಕ ಗಳಿಸುತ್ತಿದ್ದವು. ಅವರಿಗೆ ಖುಷಿಯೋ ಖುಷಿ.

ಕಟೋಂಗೊ ನನ್ನ ಮೇಜಿನ ಪಕ್ಕ ನೆಲದ ಮೇಲೆ ಕುಳಿತ. ಹೊರಗೆ ಗಾಜು ಒಡೆದ ಸದ್ದಾಯಿತು. ಅವನಿಗೆ ಆ ಹೊತ್ತಿನಲ್ಲಿ ಬಂದಿದ್ದ ಸಿಟ್ಟನ್ನು ನಾನು ಯಾರಲ್ಲೂ ಕಂಡಿಲ್ಲ. ಕೂಗಿ ಮುಗಿಯುವ ಸಿಟ್ಟಾಗಿದ್ದರೆ ಕೂಗಿರುತ್ತಿದ್ದ. ತುಟಿ ಬಿಳಿಚಿತ್ತು. ಎದ್ದು, ಅಂಗಿಯ ಗುಂಡಿ ಹಾಕಿಕೊಂಡ. ಜೆರೆಗೆ ಮತ್ತೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಅದರ ಮುಂದೆ ಕೈಕಟ್ಟಿ ನಿಂತು, ಆ ಕಡೆ ಎತ್ತುವವರೆಗೆ ಕಾದ.

"ಮಾನ್ಯ ಜೆರೆಯವರೇ, ನಮಸ್ಕಾರ. ತಾವು ಆರೋಗ್ಯವಾಗಿದ್ದೀರಾ? ಮನೆಯವರೆಲ್ಲ ಕ್ಷೇಮವೇ? ಹಬ್ಬದ ನಡುವೆ ತಮಗೆ ತೊಂದರೆ ಕೊಡುತ್ತಿರುವುದಕ್ಕೆ ದಯವಿಟ್ಟು ಕ್ಷಮಿಸಬೇಕು."

ಆ ಕಡೆ ಜೆರೆ ಯಾರಿಗೋ ಡೋಲು ನಿಲ್ಲಿಸುವಂತೆ ಹೇಳಿದ್ದು ಕೇಳಿಸಿತು. ಡೋಲು ನಿಂತಿತು.

"ಯಾರು ಸತ್ರು?" ಎಂದರು ಜೆರೆ.

"ಯಾರೂ ಇಲ್ಲ ಸರ್. ಈಗ ತಮ್ಮ ಫೋನಿಗೆ ಒಂದು ಸಂಖ್ಯೆ ಬರುತ್ತದೆ. ತಮಗೆ ಅನುಕೂಲವಾದರೆ ಅದನ್ನು ಓದಿ ಹೇಳಿದರೆ ದೊಡ್ಡ ಉಪಕಾರವಾಗುತ್ತದೆ."

"ಭಾವ, ಯಾಕೋ ಹೀಗೆ ಮಾತಾಡ್ತೀಯಾ? ಬೈಯೋ! ಏನಾಗಿದೆ ಹೇಳೋ!"

"ತಾವು ಹಿರಿಯರು, ಸರ್. ಕಾಯುತ್ತೇನೆ."

ಜೆರೆ ಸಂಖ್ಯೆಯನ್ನು ತೊದಲುತ್ತಾ ಓದಿದರು. ತಪ್ಪು ಓದಿ ಇನ್ನೊಮ್ಮೆ ಓದಿದರು. ಕಟೋಂಗೊ ಕೊಡೆಯನ್ನೂ ಕೇಕನ್ನೂ ಎಲ್ಲ ಊರಿನ ಎಲ್ಲ ಯಂತ್ರಗಳಿಂದ ಕಿತ್ತೊಗೆದ. ಒಂಟಿಯಾಗಿ ಉಳಿದ ಟೋಪಿ ಮರ್ಯಾದೆಯಿಂದ, ಈಗ ಕೆಲಸ ಮಾಡಲೋ ಆಮೇಲೆ ಮಾಡಲೋ ಎಂದು ಕೇಳಿತು. ಆಮೇಲೆ ಎಂದು ಒತ್ತಿದ. ಪರದೆಗಳು ಬೆಳಗಿ ನಿಂತವು. ಹೊತ್ತು ಮುಳುಗುವ ಮುಂಚೆ ಬಸ್ಸುಗಳು ಹೊರಟವು. ಮುದುಕನ ಗುರಾಣಿಯ ಒಂದು ಅಂಚು ಮುರಿದಿತ್ತು, ನಮ್ಮ ಕೌಂಟರಿನ ಗಾಜು ಪೂರ್ತಿ ಹೋಗಿತ್ತು.

ಸೋಮವಾರ ವಿಚಾರಣೆ. ಕಸೋಂಡೆ ಕನ್ನಡಕ ಏರಿಸಿ, "ಹೀಗಾಗುತ್ತೆ ಅಂತ ಇವನು ಮೊದಲೇ ಹೇಳಿದ್ನಾ?" ಎಂದು ಕೇಳಿದ.

"ಹೇಳಿದ್ರು ಸರ್, ಬಹಳ ಚೆನ್ನಾಗಿ ಹೇಳಿದ್ರು," ಎಂದಳು ನೈರೆಂಡಾ, ಕಣ್ಣು ಒರೆಸಿಕೊಳ್ಳುತ್ತಾ. "ನನ್ನ ಕೋಣೇಲಿ ಇನ್ನೂ ಚೆನ್ನಾಗಿತ್ತು."

"ನಿಮಗೂ ಹೇಳಿದ್ದ, ಅಧ್ಯಕ್ಷರೇ," ಎಂದೆ ನಾನು. "ಇಲಿ ಸೇರಿಸು ಅಂದ್ರಿ."

ಮುದುಕ ಕಾಗದ ಮಗುಚಿದ. "ನೀನೇನಾದ್ರೂ ಹೇಳೋದಿದೆಯಾ ಕಟೋಂಗೊ?"

"ಸಭೆಯ ತೀರ್ಮಾನಕ್ಕೆ ತಲೆಬಾಗುತ್ತೇನೆ, ಮಾನ್ಯರೇ," ಎಂದ ಕಟೋಂಗೊ. ಅದನ್ನು ಕೇಳಿ ಜೆರೆ ಕುರ್ಚಿಯಲ್ಲಿ ಕುಗ್ಗಿದರು.

ಕಟೋಂಗೊನ ಹೋಲಿಕೆಯೇ ಸರಿ, ಟೋಪಿಯನ್ನೇ ಕೊಳ್ಳತಕ್ಕದ್ದು, ಕರಾರನ್ನು ಮ್ಯಾನೇಜರ್ ತೀರ್ಮಾನಿಸತಕ್ಕದ್ದು ಎಂದಾಯಿತು. ಜೆರೆ ಕರಾರನ್ನು ತಾವೇ ಅಚ್ಚು ಹಾಕಿಸಿಕೊಂಡು, ತಾವೇ ಎತ್ತಿಕೊಂಡು ಕಟೋಂಗೊನ ಕೋಣೆಗೆ ಹೋದರು. ಬಾಗಿಲು ತೆರೆದಿತ್ತು. ನಾನು ನೋಡದೆ ಇರಲು ಸಾಧ್ಯವಿರಲಿಲ್ಲ, ಪ್ರಯತ್ನವನ್ನೂ ಮಾಡಲಿಲ್ಲ. ಕಟೋಂಗೊ ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟ.

"ಐದು ವರ್ಷ ಮಾಡಿದೀನಿ ಭಾವ. ಮನೆಗೆ ಸುಣ್ಣಬಣ್ಣ ಕೂಡ."

"ತಮ್ಮ ದಯೆ, ಸರ್."

"ಪೂರ್ವ ಸೀಮೆಯ ದಡ್ಡ ಅಂತಾದ್ರೂ ಅನ್ನೋ. ಒಂದೇ ಒಂದು ಸಲ."

"ತಮ್ಮ ಸಮಯ ಅಮೂಲ್ಯವಾದದ್ದು, ಸರ್. ಇನ್ನು ಕೆಲಸಕ್ಕೆ ಅಪ್ಪಣೆ ಕೊಡಬೇಕು."

ಜೆರೆ ಹೊರಗೆ ಬಂದು ನನ್ನ ಮೇಜು ಹಿಡಿದು ನಿಂತರು. ಮುಖ ಬಾಡಿತ್ತು. ನಾನು ಫೋನು ಒರೆಸುತ್ತಿದ್ದೆ, ತಲೆಯೆತ್ತಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದರು:

"ಅವನಿಗೆ ನನ್ನ ಮೇಲೆ ಇಷ್ಟೊಂದು ಸಿಟ್ಟಿದೆ ಅಂತ ಯಾರಾದ್ರೂ ಒಂದು ಮಾತು ಮೊದಲೇ ಹೇಳಬಾರದಿತ್ತಾ, ಮುಲೇಯಾ?"